ಲ್ಯಾಂಬ್ಡಾ ಫಂಕ್ಷನ್‌ಗಾಗಿ ಒಂದು ಬಿಗಿಯಾದ ಕಂಟೇನರ್ ಕಟ್ಟಿದ ದಾಖಲೆ

ನಾನು ನೋಡಿಕೊಳ್ಳುತ್ತಿರುವ ಒಂದು ಫಂಕ್ಷನ್ ಇದೆ, ಅಂದರೆ ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್ ಲ್ಯಾಂಬ್ಡಾದಲ್ಲಿ, ಘಟನೆಯೊಂದು ನಡೆದಾಗ ಮಾತ್ರ ಓಡುವ ಪುಟ್ಟ ಪ್ರೋಗ್ರಾಂ. ಎಸ್3 ಬಕೆಟ್‌ಗೆ (ಅಮೆಜಾನ್‌ನ ಫೈಲ್ ಸಂಗ್ರಹಕ್ಕೆ) ಹೊಸ ಚಿತ್ರ ಬಂದೊಡನೆ ಅದು ಚಾಲನೆಗೊಂಡು, ಚಿತ್ರದ ಚಿಕ್ಕ ಪ್ರತಿಯನ್ನು ತಯಾರಿಸಿ, ಅದರ ಅಡಿಯಲ್ಲಿ ಕನ್ನಡದ ಶೀರ್ಷಿಕೆಯನ್ನು ಮೂಡಿಸಿ, ವಿವರಗಳನ್ನು ಡೈನಮೋಡಿಬಿ ಎಂಬ ಡೇಟಾಬೇಸ್‌ನ ಟೇಬಲ್‌ನಲ್ಲಿ ದಾಖಲಿಸುತ್ತದೆ. ಪೈಥಾನ್‌ನಲ್ಲಿ ಬರೆದ ಈ ಕೋಡ್ ಇನ್ನೂರು ಸಾಲನ್ನೂ ಮೀರುವುದಿಲ್ಲ. ಹೀಗಿದ್ದೂ, ನನ್ನ ಲ್ಯಾಪ್‌ಟಾಪ್‌ನಲ್ಲಿ ತಕರಾರಿಲ್ಲದೆ ಓಡಿದ ಇದೇ ಕೋಡ್ ಎಡಬ್ಲ್ಯೂಎಸ್ ಲ್ಯಾಂಬ್ಡಾಕ್ಕೆ ಹೋದ ಮೇಲೆ ನಾಲ್ಕು ಬಾರಿ, ನಾಲ್ಕು ಬೇರೆಬೇರೆ ಕಾರಣಗಳಿಂದ ಕೈಕೊಟ್ಟಿತು. ನಾಲ್ಕಕ್ಕೂ ಬೇರು ಒಂದೇ ಆಗಿತ್ತು: ನಾನು ಪರೀಕ್ಷಿಸುತ್ತಿದ್ದ ಜಾಗ, ಕೋಡ್ ನಿಜವಾಗಿ ಓಡುವ ಜಾಗಕ್ಕಿಂತ ತೀರ ಸಡಿಲವಾಗಿತ್ತು. ಆದ್ದರಿಂದ ಇನ್ನೊಂದು ತೇಪೆ ಹಾಕುವುದನ್ನು ಬಿಟ್ಟು, ಲ್ಯಾಂಬ್ಡಾದಷ್ಟೇ ಬಿಗಿಯಾದ ಒಂದು ಅಭಿವೃದ್ಧಿ ಪರಿಸರವನ್ನು ಡಾಕರ್ ಕಂಟೇನರ್ (ಯಂತ್ರದ ಉಳಿದ ಭಾಗದಿಂದ ಬೇರ್ಪಡಿಸಿದ, ತನ್ನದೇ ಫೈಲ್‌ಗಳಿರುವ ಪರಿಸರ) ಒಳಗೆ ಮೊದಲಿನಿಂದ ಕಟ್ಟಲು ಕುಳಿತೆ. ಆ ಕೆಲಸದಲ್ಲಿ ಎದುರಾದದ್ದನ್ನು ಎದುರಾದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೀರ್ಮಾನಿಸಬೇಕಾದದ್ದು ಮೂಲ ಇಮೇಜ್ (ಕಂಟೇನರ್ ಎಬ್ಬಿಸಲು ಬಳಸುವ ಅಚ್ಚು) ಯಾವುದು ಎಂಬುದನ್ನು. ಹಳೆಯ ಪದ್ಧತಿಯಲ್ಲಿ ನಾನು ಲ್ಯಾಪ್‌ಟಾಪ್‌ನಲ್ಲೇ ಪೈಥಾನ್‌ನ ಪಿಪ್ ಸಾಧನದ ಮೂಲಕ ಲೈಬ್ರರಿಗಳನ್ನು ಇಳಿಸಿಕೊಂಡು, ಎಲ್ಲವನ್ನೂ ಜಿಪ್ ಮಾಡಿ ಕಳುಹಿಸುತ್ತಿದ್ದೆ. ಆಗ ಫಂಕ್ಷನ್ ಪೈಥಾನ್ 3.11ರಲ್ಲಿತ್ತು. ಲ್ಯಾಂಬ್ಡಾದ 3.11 ರನ್‌ಟೈಮ್ ಅಮೆಜಾನ್ ಲಿನಕ್ಸ್ 2ರ ಮೇಲೆ ನಿಂತಿದ್ದು, ಅದರಲ್ಲಿರುವ ಗ್ಲಿಬ್‌ಸಿ (ಲಿನಕ್ಸ್ ಪ್ರೋಗ್ರಾಂಗಳು ಆಧರಿಸುವ ಮೂಲ ಸಿ ಲೈಬ್ರರಿ) ಆವೃತ್ತಿ 2.26. ನನ್ನ ಲ್ಯಾಪ್‌ಟಾಪ್‌ನ ಗ್ಲಿಬ್‌ಸಿ ಅದಕ್ಕಿಂತ ಬಹಳ ಹೊಸದಾದ್ದರಿಂದ ಪಿಪ್ ನನ್ನ ಯಂತ್ರಕ್ಕೆ ಒಪ್ಪುವ ಹೊಸ ವ್ಹೀಲ್ (ಮೊದಲೇ ಕಂಪೈಲ್ ಆದ ಲೈಬ್ರರಿ ಕಟ್ಟು) ಅನ್ನೇ ಆರಿಸಿಕೊಂಡಿತ್ತು. ಪರಿಣಾಮವಾಗಿ ಒಂದು ಲೈಬ್ರರಿ ಇಂಪೋರ್ಟ್ ಆಗುವಾಗಲೇ ‘ಗ್ಲಿಬ್‌ಸಿ 2.28 ಸಿಗಲಿಲ್ಲ’ ಎಂಬ ದೋಷದೊಂದಿಗೆ ಫಂಕ್ಷನ್ ನಿಂತುಹೋಯಿತು. ಇದು ಮೊದಲ ಪೆಟ್ಟು. ಪೈಥಾನ್ 3.12ರಿಂದ ಲ್ಯಾಂಬ್ಡಾ ರನ್‌ಟೈಮ್ ಅಮೆಜಾನ್ ಲಿನಕ್ಸ್ 2023ಕ್ಕೆ ಬದಲಾಗಿದ್ದು, ಅದರ ಗ್ಲಿಬ್‌ಸಿ 2.34. ಹಾಗೆಂದು ಆವೃತ್ತಿ ಏರಿಸಿದರೆ ಸಮಸ್ಯೆ ತೀರಿತು ಎನ್ನುವಂತಿಲ್ಲ. ಲೈಬ್ರರಿಗಳನ್ನು ಎಲ್ಲಿ ಓಡಿಸುತ್ತೇವೋ ಅಂಥದ್ದೇ ಜಾಗದಲ್ಲಿ ಇಳಿಸಿಕೊಳ್ಳುವುದೊಂದೇ ಸರಿಯಾದ ದಾರಿ. ಅದಕ್ಕಾಗಿ ಡೆಬಿಯನ್ ಆಧಾರಿತ ಸಾಮಾನ್ಯ ಪೈಥಾನ್ ಇಮೇಜ್ ಬಿಟ್ಟು, ಅಮೆಜಾನ್ ತನ್ನ ಸಾರ್ವಜನಿಕ ಇಮೇಜ್ ಭಂಡಾರವಾದ ಇಸಿಆರ್‌ನಲ್ಲಿ ಕೊಡುವ ಲ್ಯಾಂಬ್ಡಾ ಪೈಥಾನ್ 3.12 ಇಮೇಜ್ ಅನ್ನೇ ತಳಹದಿಯಾಗಿ ತೆಗೆದುಕೊಂಡೆ. 2020ರ ಡಿಸೆಂಬರ್‌ನಿಂದ ಲ್ಯಾಂಬ್ಡಾ ಕಂಟೇನರ್ ಇಮೇಜ್‌ಗಳನ್ನು ನೇರವಾಗಿ ಸ್ವೀಕರಿಸುತ್ತದೆ. ಜಿಪ್‌ಗೆ ಬಿಚ್ಚಿದ ಮೇಲೆ 250 ಎಂಬಿ ಎಂಬ ಮಿತಿ ಇದ್ದರೆ, ಇಮೇಜ್‌ಗೆ 10 ಜಿಬಿವರೆಗೆ ಅವಕಾಶವಿದೆ. ಪರೀಕ್ಷಿಸಿದ ಇಮೇಜ್ ಅನ್ನೇ ಕಳುಹಿಸಬಹುದು ಎಂಬುದು ನನಗೆ ಗಾತ್ರಕ್ಕಿಂತ ಮುಖ್ಯವಾಗಿತ್ತು.

ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್ ಚಿಕ್ಕದು. ಲೈಬ್ರರಿಗಳ ಪಟ್ಟಿಯಿರುವ ರಿಕ್ವೈರ್‌ಮೆಂಟ್ಸ್ ಫೈಲ್ ಅನ್ನು ಮೊದಲು ನಕಲಿಸಿ ಪಿಪ್ ಓಡಿಸಬೇಕು, ಕೋಡ್ ಅನ್ನು ಅದರ ನಂತರ ನಕಲಿಸಬೇಕು. ಈ ಕ್ರಮ ತಪ್ಪಿದರೆ ಕೋಡ್‌ನಲ್ಲಿ ಒಂದು ಅಕ್ಷರ ಬದಲಾದರೂ ಲೈಬ್ರರಿಗಳ ಪದರ ಮತ್ತೆ ಮೊದಲಿನಿಂದ ಕಟ್ಟಲ್ಪಡುತ್ತದೆ. ಕೊನೆಯ ಸಾಲಿನಲ್ಲಿ ಹ್ಯಾಂಡ್ಲರ್ (ಕೋಡ್‌ನಲ್ಲಿ ಲ್ಯಾಂಬ್ಡಾ ಕರೆಯುವ ಭಾಗ) ಹೆಸರು. ಇಷ್ಟಾದ ಮೇಲೆ ಇಮೇಜ್ ಕಟ್ಟಿ, ಕಂಟೇನರ್‌ನ 8080 ಪೋರ್ಟ್ ಅನ್ನು ಲ್ಯಾಪ್‌ಟಾಪ್‌ನ 9000ಕ್ಕೆ ಜೋಡಿಸಿ ಓಡಿಸಿದೆ. ಈ ಮೂಲ ಇಮೇಜ್‌ಗಳಲ್ಲಿ ರನ್‌ಟೈಮ್ ಇಂಟರ್‌ಫೇಸ್ ಎಮ್ಯುಲೇಟರ್ ಎಂಬ ಪುಟ್ಟ ಪ್ರೋಗ್ರಾಂ ಮೊದಲೇ ಇರುತ್ತದೆ. ಅದು ಎಚ್‌ಟಿಟಿಪಿ ಮೂಲಕ ಬಂದ ಜೇಸನ್ (ಪಠ್ಯರೂಪದ ದತ್ತಾಂಶ) ಅನ್ನು ಇವೆಂಟ್ (ಘಟನೆಯ ವಿವರ) ಆಗಿ ಹ್ಯಾಂಡ್ಲರ್‌ಗೆ ಒಪ್ಪಿಸುತ್ತದೆ. ಕರೆಯಬೇಕಾದ ವಿಳಾಸದಲ್ಲಿ 2015-03-31 ಎಂಬ ದಿನಾಂಕ ಬರುತ್ತದೆ. ಅದು ಲ್ಯಾಂಬ್ಡಾ ಎಪಿಐನ ಆವೃತ್ತಿಯ ಗುರುತಾದ್ದರಿಂದ ಅದನ್ನು ಇದ್ದಂತೆಯೇ ಬಿಡಬೇಕು.

ಕೋಡ್ ಬದಲಾದಾಗಲೆಲ್ಲ ಇಮೇಜ್ ಕಟ್ಟುವುದು ಬೇಸರದ ಕೆಲಸವಾದ್ದರಿಂದ ಪ್ರಾಜೆಕ್ಟ್ ಫೋಲ್ಡರ್ ಅನ್ನು ಕಂಟೇನರ್‌ನ ‘/ವಾರ್/ಟಾಸ್ಕ್’ (ಲ್ಯಾಂಬ್ಡಾ ಕೋಡ್ ಇರುವ ಜಾಗ) ಮೇಲೆ ಮೌಂಟ್ ಮಾಡಿದೆ, ಅಂದರೆ ಅಲ್ಲಿ ನೇರವಾಗಿ ಕಾಣುವಂತೆ ಜೋಡಿಸಿದೆ. ಮರುಕ್ಷಣವೇ ‘ಪಿಐಎಲ್ ಎಂಬ ಮಾಡ್ಯೂಲ್ ಇಲ್ಲ’ ಎಂಬ ದೋಷ ಬಂತು. ಐದು ನಿಮಿಷದ ಹಿಂದೆ ಇದ್ದ, ಪಿಐಎಲ್ ಹೆಸರಿನಲ್ಲಿ ಇಂಪೋರ್ಟ್ ಆಗುವ ಚಿತ್ರ ಲೈಬ್ರರಿ ಪಿಲ್ಲೋ ಎಲ್ಲಿ ಹೋಯಿತೆಂದು ಕಂಟೇನರ್ ಒಳಗೆ ಹೊಕ್ಕು ನೋಡಿದಾಗ ಕಾರಣ ಗೊತ್ತಾಯಿತು. ನಾನು ಪಿಪ್‌ಗೆ ಟಾರ್ಗೆಟ್ ಆಯ್ಕೆ ಕೊಟ್ಟು ಲೈಬ್ರರಿಗಳನ್ನೂ ‘/ವಾರ್/ಟಾಸ್ಕ್’ನಲ್ಲೇ ಇರಿಸಿದ್ದೆ, ಮೌಂಟ್ ಮಾಡಿದ ಫೋಲ್ಡರ್ ಅದೇ ಜಾಗದ ಮೇಲೆ ಕುಳಿತು, ಕೆಳಗಿದ್ದುದನ್ನೆಲ್ಲ ಮರೆಮಾಡಿತ್ತು. ಟಾರ್ಗೆಟ್ ತೆಗೆದುಹಾಕಿದರೆ ಲೈಬ್ರರಿಗಳು ‘/ವಾರ್/ಲ್ಯಾಂಗ್’ ಅಡಿಯ ಸೈಟ್-ಪ್ಯಾಕೇಜಸ್‌ಗೆ ಹೋಗುತ್ತವೆ, ಮೌಂಟ್ ಅವುಗಳನ್ನು ಮುಟ್ಟುವುದಿಲ್ಲ. ಇನ್ನೊಂದು ವಿಷಯ: ಫೈಲ್ ಬದಲಾದರೂ ಪೈಥಾನ್ ಒಮ್ಮೆ ಇಂಪೋರ್ಟ್ ಮಾಡಿದ ಮಾಡ್ಯೂಲ್ ಅನ್ನು ಮತ್ತೆ ಓದುವುದಿಲ್ಲ. ಹಾಗಾಗಿ ಕೊನೆಗೆ ಮೌಂಟ್ ಅನ್ನೇ ಬಿಟ್ಟು, ಹಲವು ಕಂಟೇನರ್‌ಗಳನ್ನು ಒಂದೇ ಫೈಲ್‌ನಿಂದ ನಡೆಸುವ ಡಾಕರ್ ಕಂಪೋಸ್‌ನ ‘ವಾಚ್’ ಸೌಲಭ್ಯದಲ್ಲಿ ಫೈಲ್ ನಕಲಿಸಿ ಕಂಟೇನರ್ ಅನ್ನು ಮರುಚಾಲನೆ ಮಾಡುವ ಆಯ್ಕೆಗೆ ಬಂದೆ. ಫೈಲ್ ಉಳಿಸಿ, ಟರ್ಮಿನಲ್‌ಗೆ ಕಣ್ಣು ಹಾಯಿಸುವಷ್ಟರಲ್ಲಿ ಹೊಸ ಕೋಡ್ ಸಿದ್ಧವಾಗಿರುತ್ತದೆ.

ಇವೆಂಟ್‌ಗಳ ವಿಷಯದಲ್ಲಿ ನಾನು ಹಿಂದೆ ಮಾಡಿದ, ನಾಲ್ಕರಲ್ಲಿ ಒಂದು ಪೆಟ್ಟಿಗೆ ಕಾರಣವಾದ ತಪ್ಪನ್ನು ಇಲ್ಲೇ ಹೇಳಬೇಕು. ಪರೀಕ್ಷೆಗೆಂದು ಕೈಯಾರೆ ಬರೆದುಕೊಂಡ ಜೇಸನ್‌ನಲ್ಲಿ ಚಿತ್ರದ ಹೆಸರನ್ನು ಇದ್ದಂತೆಯೇ ಬರೆದಿದ್ದೆ. ನಿಜವಾದ ಎಸ್3 ಇವೆಂಟ್‌ನಲ್ಲಿ ಫೈಲಿನ ಹೆಸರು ಯುಆರ್‌ಎಲ್ ಸಂಕೇತದಲ್ಲಿ ಬರುತ್ತದೆ: ಖಾಲಿ ಜಾಗ ಕೂಡು ಚಿಹ್ನೆಯಾಗುತ್ತದೆ, ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುವ ಪ್ರತಿ ಕನ್ನಡ ಸಂಕೇತವೂ ಶೇಕಡಾ ಚಿಹ್ನೆಗಳೊಡನೆ 9 ಅಕ್ಷರಗಳಷ್ಟು ಉದ್ದವಾಗುತ್ತದೆ. ನನ್ನ ಕೋಡ್ ಅದನ್ನು ಬಿಡಿಸದೆಯೇ ಆ ಹೆಸರಿನ ಫೈಲ್ ಕೇಳಿತು. ಆಗ ಬಂದ ದೋಷ ‘ಫೈಲ್ ಇಲ್ಲ’ ಎಂದಾಗಿದ್ದರೆ ಹತ್ತು ನಿಮಿಷದಲ್ಲಿ ಸರಿಪಡಿಸುತ್ತಿದ್ದೆ. ಬಂದದ್ದು ‘ಪ್ರವೇಶ ನಿರಾಕರಿಸಲಾಗಿದೆ’ ಎಂದು. ಬಕೆಟ್‌ನ ಪಟ್ಟಿ ನೋಡುವ ಅನುಮತಿ ಇಲ್ಲದವರು ಇಲ್ಲದ ಫೈಲ್ ಕೇಳಿದರೆ, ಅದು ಇದೆಯೋ ಇಲ್ಲವೋ ಎಂಬುದೂ ಬಯಲಾಗಬಾರದೆಂದು ಎಸ್3 404ರ ಬದಲು 403 ಕೊಡುತ್ತದೆ. ಅದು ತಿಳಿಯದೆ ಅರ್ಧ ದಿನ ಐಎಎಂ (ಎಡಬ್ಲ್ಯೂಎಸ್‌ನ ಅನುಮತಿ ವ್ಯವಸ್ಥೆ) ಅನುಮತಿಗಳನ್ನು ತಿರುವಿಹಾಕಿದೆ. ಈಗ ಪ್ರಾಜೆಕ್ಟ್‌ನಲ್ಲಿ ಇವೆಂಟ್‌ಗಳಿಗೆಂದೇ ಒಂದು ಫೋಲ್ಡರ್ ಇದ್ದು, ಅಲ್ಲಿರುವುದೆಲ್ಲ ಕ್ಲೌಡ್‌ನ ಲಾಗ್‌ನಿಂದ ಎತ್ತಿಕೊಂಡು, ಖಾತೆಯ ಗುರುತುಗಳನ್ನು ಅಳಿಸಿದ ನೈಜ ಇವೆಂಟ್‌ಗಳು. ಅವುಗಳಲ್ಲಿ ಒಂದರ ಫೈಲ್ ಹೆಸರು ಪೂರ್ತಿ ಕನ್ನಡದಲ್ಲಿದೆ, ನಡುವೆ ಎರಡು ಖಾಲಿ ಜಾಗಗಳೊಡನೆ.

ಜೊತೆಯ ಸೇವೆಗಳನ್ನು ಕಂಪೋಸ್ ಫೈಲ್‌ನಲ್ಲಿ ಸೇರಿಸಿದೆ: ಎಸ್3 ಬದಲಿಗೆ ಮಿನಿಯೋ, ಡೈನಮೋಡಿಬಿ ಬದಲಿಗೆ ಡೈನಮೋಡಿಬಿ ಲೋಕಲ್. ಎಡಬ್ಲ್ಯೂಎಸ್ ಸೇವೆಗಳನ್ನು ಕರೆಯುವ ಪೈಥಾನ್ ಲೈಬ್ರರಿಯಾದ ಬೋಟೋ3ರ 1.28ನೇ ಆವೃತ್ತಿಯಿಂದ ಆಯಾ ಸೇವೆಯ ವಿಳಾಸವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊಡಬಹುದಾದ್ದರಿಂದ ‘ಇದು ಲೋಕಲ್ ಆದರೆ ಹೀಗೆ, ಕ್ಲೌಡ್ ಆದರೆ ಹಾಗೆ’ ಎಂಬ ಕವಲನ್ನು ಕೋಡ್‌ನಿಂದ ಕಿತ್ತುಹಾಕಲು ಸಾಧ್ಯವಾಯಿತು. ಇದು ನನಗೆ ಬಹಳ ಸಮಾಧಾನ ಕೊಟ್ಟ ಬದಲಾವಣೆ, ಏಕೆಂದರೆ ಆ ಕವಲಿನ ಕ್ಲೌಡ್ ಕಡೆಯ ಕೊಂಬೆ ಎಂದೂ ಪರೀಕ್ಷೆಗೆ ಒಳಗಾಗುತ್ತಿರಲಿಲ್ಲ. ವಿಳಾಸದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆಯಬಾರದು. ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರೇ ಆಗಿರುವುದರಿಂದ ಕಂಪೋಸ್ ಫೈಲ್‌ನಲ್ಲಿ ಸೇವೆಗೆ ಇಟ್ಟ ಹೆಸರನ್ನೂ ಆ ಸೇವೆಯ ಪೋರ್ಟ್ ಅನ್ನೂ (ಡೈನಮೋಡಿಬಿ ಲೋಕಲ್‌ಗೆ 8000) ಬರೆಯಬೇಕು.

ಡೈನಮೋಡಿಬಿ ಲೋಕಲ್ ಒಂದು ಸಂಜೆಯನ್ನೇ ತೆಗೆದುಕೊಂಡಿತು. ಟೇಬಲ್ ರಚಿಸುವ ಸ್ಕ್ರಿಪ್ಟ್ ಯಶಸ್ವಿಯಾಗಿ ಮುಗಿಯುತ್ತಿತ್ತು, ಲ್ಯಾಪ್‌ಟಾಪ್‌ನಿಂದ ಪಟ್ಟಿ ಕೇಳಿದರೆ ಟೇಬಲ್ ಕಾಣುತ್ತಿತ್ತು, ಫಂಕ್ಷನ್ ಮಾತ್ರ ಅಂಥ ಟೇಬಲ್ ಇಲ್ಲವೆನ್ನುತ್ತಿತ್ತು. ಎರಡೂ ಕಡೆಯ ವಿಳಾಸವನ್ನು ಹೋಲಿಸಿದೆ, ಟೇಬಲ್ ಹೆಸರಿನ ಅಕ್ಷರ ಅಕ್ಷರ ಹೋಲಿಸಿದೆ, ಎಲ್ಲವೂ ಒಂದೇ ಇತ್ತು. ವ್ಯತ್ಯಾಸ ಇದ್ದದ್ದು ರೀಜನ್‌ನಲ್ಲಿ (ಎಡಬ್ಲ್ಯೂಎಸ್‌ನ ಭೌಗೋಳಿಕ ವಲಯದ ಹೆಸರಿನಲ್ಲಿ) ಮತ್ತು ನಾನು ಹುಸಿಯಾಗಿ ಕೊಟ್ಟ ಆಕ್ಸೆಸ್ ಕೀನಲ್ಲಿ. ಹುಸಿ ಕೀ ಆದ್ದರಿಂದ ಅದು ಏನಿದ್ದರೂ ನಡೆಯುತ್ತದೆಂದು ಭಾವಿಸಿದ್ದೆ. ಡೈನಮೋಡಿಬಿ ಲೋಕಲ್ ಕೀಯನ್ನು ಪರಿಶೀಲಿಸುವುದಿಲ್ಲ ಎಂಬುದು ನಿಜ, ಆದರೆ ಕೀ ಮತ್ತು ರೀಜನ್ ಜೋಡಿಗೊಂದರಂತೆ ಬೇರೆಬೇರೆ ಡೇಟಾಬೇಸ್ ಫೈಲ್ ಇಟ್ಟುಕೊಳ್ಳುತ್ತದೆ. ‘ಶೇರ್ಡ್‌ಡಿಬಿ’ ಆಯ್ಕೆ ಕೊಟ್ಟು ಓಡಿಸಿದರೆ ಎಲ್ಲರಿಗೂ ಒಂದೇ ಫೈಲ್. ನಾನು ಆ ಆಯ್ಕೆಯನ್ನೂ ಕೊಟ್ಟೆ, ಹುಸಿ ಕೀ ಮತ್ತು ರೀಜನ್ ಅನ್ನು ಒಂದೇ ಎನ್ವಿರಾನ್‌ಮೆಂಟ್ ಫೈಲ್‌ನಿಂದ ಎಲ್ಲ ಕಂಟೇನರ್‌ಗಳಿಗೂ ಹಂಚಿದೆ. ನನ್ನ ನಿಜವಾದ ಎಡಬ್ಲ್ಯೂಎಸ್ ಕೀಗಳಿರುವ ಫೋಲ್ಡರ್ ಅನ್ನು ಕಂಟೇನರ್ ಒಳಗೆ ಮೌಂಟ್ ಮಾಡುವ ಸುಲಭದ ದಾರಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ವಿಳಾಸವೊಂದು ತಪ್ಪಿದರೆ ಪರೀಕ್ಷೆಯ ಬರಹ ನಿಜವಾದ ಟೇಬಲ್‌ಗೆ ಹೋಗಿ ಸೇರುವ ಅಪಾಯ ಅದರಲ್ಲಿದೆ.

ಇಷ್ಟರ ಹೊತ್ತಿಗೆ ಎಲ್ಲವೂ ಓಡುತ್ತಿತ್ತು. ಆದರೆ ಮುಖ್ಯ ಕೆಲಸ ಆರಂಭವಾದದ್ದು ಆಮೇಲೆ. ಎಮ್ಯುಲೇಟರ್ ಹ್ಯಾಂಡ್ಲರ್ ಅನ್ನು ಕರೆಯುವ ರೀತಿಯನ್ನಷ್ಟೇ ಅನುಕರಿಸುತ್ತದೆ. ಲ್ಯಾಂಬ್ಡಾದ ನಿರ್ಬಂಧಗಳನ್ನು ಅದು ಹೇರುವುದಿಲ್ಲ. ಕ್ಲೌಡ್‌ನಲ್ಲಿ ಫೈಲ್ ವ್ಯವಸ್ಥೆ ಓದಲು ಮಾತ್ರ ಇರುತ್ತದೆ, ಬರೆಯಲು ‘/ಟಿಎಂಪಿ’ ಒಂದೇ ಜಾಗ. ಕೋಡ್ ಓಡುವುದು ಅತಿ ಕಡಿಮೆ ಅಧಿಕಾರದ ಬಳಕೆದಾರನಾಗಿ. ಮೆಮೊರಿ ನಾವು ಹೇಳಿದಷ್ಟೇ. ನನ್ನ ಕಂಟೇನರ್‌ನಲ್ಲಿ ಎಲ್ಲಿ ಬೇಕಾದರೂ ಬರೆಯಬಹುದಿತ್ತು, ರೂಟ್ (ಎಲ್ಲವನ್ನೂ ಮಾಡಬಲ್ಲ) ಅಧಿಕಾರವಿತ್ತು, ಲ್ಯಾಪ್‌ಟಾಪ್‌ನ ಮೆಮೊರಿಯೆಲ್ಲ ಅದರದೇ. ಎರಡನೆಯ ಪೆಟ್ಟು ಬಿದ್ದದ್ದೇ ಹೀಗೆ: ಮಧ್ಯಂತರ ಚಿತ್ರವನ್ನು ಕೋಡ್ ಇದ್ದ ಫೋಲ್ಡರ್‌ಗೇ ಬರೆಯುತ್ತಿದ್ದ ಒಂದು ಸಾಲು, ಕ್ಲೌಡ್‌ನಲ್ಲಿ 30ನೇ ಸಂಖ್ಯೆಯ ದೋಷ ಕೊಟ್ಟು, ಫೈಲ್ ವ್ಯವಸ್ಥೆ ಓದಲು ಮಾತ್ರ ಎಂದು ತಿಳಿಸಿ ನಿಂತಿತ್ತು.

ಹಾಗಾಗಿ ನಿರ್ಬಂಧಗಳನ್ನು ಒಂದೊಂದಾಗಿ ನಾನೇ ಹೇರುತ್ತಾ ಹೋದೆ. ಕಂಪೋಸ್ ಫೈಲ್‌ನಲ್ಲಿ ‘ರೀಡ್ ಓನ್ಲಿ’ ಆಯ್ಕೆಯನ್ನು ಚಾಲೂ ಮಾಡಿದೆ. ಬಳಕೆದಾರನ ಜಾಗದಲ್ಲಿ, ಇಮೇಜ್‌ನೊಳಗೆ ಯಾರದ್ದೂ ಅಲ್ಲದ ಒಂದು ಸಂಖ್ಯೆ ಬರೆದೆ. ಮರು ಓಟದಲ್ಲೇ ಕ್ಲೌಡ್‌ನಲ್ಲಿ ಐದನೆಯ ಪೆಟ್ಟಾಗಬಹುದಿದ್ದ ತಪ್ಪೊಂದು ಸಿಕ್ಕಿಬಿತ್ತು. ನೋಟೋ ಸಾನ್ಸ್ ಕನ್ನಡ ಫಾಂಟ್ ಫೈಲ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾಲೀಕ ಮಾತ್ರ ಓದಬಹುದಾದ 600 ಅನುಮತಿಯೊಂದಿಗಿತ್ತು, ಡಾಕರ್ ಅದನ್ನು ಅದೇ ಅನುಮತಿಯೊಂದಿಗೆ ಇಮೇಜ್‌ಗೆ ನಕಲಿಸಿತ್ತು. ರೂಟ್ ಆಗಿ ಓಡುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ನಕಲಿಸುವ ಸಾಲಿನಲ್ಲೇ ಅನುಮತಿಯನ್ನು 644 ಎಂದು ನಿಗದಿಪಡಿಸಿ ಮುಂದೆ ಹೋದೆ.

‘/ಟಿಎಂಪಿ’ ವಿಷಯದಲ್ಲಿ ಮೊದಲು ಆರಿಸಿದ ದಾರಿ ತಪ್ಪಾಗಿತ್ತು. ಲ್ಯಾಂಬ್ಡಾದಲ್ಲಿ ಅದರ ಸಹಜ ಗಾತ್ರ 512 ಎಂಬಿ, ಬೇಕಿದ್ದರೆ 10,240 ಎಂಬಿವರೆಗೆ ಏರಿಸಬಹುದು. ನಾನು 512 ಎಂಬಿ ಗಾತ್ರದ ಟಿಎಂಪಿಎಫ್‌ಎಸ್ ಅನ್ನು ಅಲ್ಲಿ ಮೌಂಟ್ ಮಾಡಿ, ಕಂಟೇನರ್‌ನ ಮೆಮೊರಿಯನ್ನೂ 512 ಎಂಬಿಗೆ ಮಿತಿಗೊಳಿಸಿದೆ. ದೊಡ್ಡ ಚಿತ್ರವೊಂದನ್ನು ಕೊಟ್ಟೊಡನೆ ಕಂಟೇನರ್ 137 ಎಂಬ ನಿರ್ಗಮನ ಸಂಖ್ಯೆಯೊಂದಿಗೆ ಸತ್ತುಬಿತ್ತು. ಅಂದರೆ ಮೆಮೊರಿ ಮೀರಿದ್ದಕ್ಕೆ ಕರ್ನಲ್ ಅದನ್ನು ಕೊಂದಿತ್ತು. ಚಿತ್ರ ಬಿಚ್ಚಿದರೂ ಅಷ್ಟು ಮೆಮೊರಿ ಬೇಕಿರಲಿಲ್ಲ. ಟಿಎಂಪಿಎಫ್‌ಎಸ್ ಇರುವುದೇ ಮೆಮೊರಿಯಲ್ಲಿ, ಅಲ್ಲಿ ಬರೆದ ಪ್ರತಿ ಬೈಟ್ ಕೂಡ ಕಂಟೇನರ್‌ನ ಮೆಮೊರಿ ಲೆಕ್ಕಕ್ಕೆ ಸೇರುತ್ತದೆ. ಲ್ಯಾಂಬ್ಡಾದಲ್ಲಿ ಇವೆರಡರ ಮಿತಿಗಳು ಬೇರೆಬೇರೆ. ಈ ಒಂದು ಕಡೆ ನನ್ನ ಕಂಟೇನರ್ ಕ್ಲೌಡ್‌ಗಿಂತಲೂ ಬಿಗಿಯಾಗಿಬಿಟ್ಟಿತ್ತು. ಟಿಎಂಪಿಎಫ್‌ಎಸ್ ಬದಲು ಡಿಸ್ಕ್ ಮೇಲಿನ ಡಾಕರ್ ವಾಲ್ಯೂಮ್ ಇಟ್ಟು ಅದನ್ನು ಬಿಡಿಸಿದೆ. ಗಾತ್ರದ ಮಿತಿ ಇದರಲ್ಲಿ ತಾನಾಗಿ ಬರುವುದಿಲ್ಲವಾದ್ದರಿಂದ ಪ್ರತಿ ಓಟದ ಕೊನೆಗೆ ‘/ಟಿಎಂಪಿ’ಯಲ್ಲಿ ಏನೂ ಉಳಿದಿಲ್ಲವೆಂದು ನೋಡುವ ಪರೀಕ್ಷೆಯೊಂದನ್ನು ಬರೆದೆ. ಅದು ಬೇಕೇಬೇಕಿತ್ತು, ಏಕೆಂದರೆ ಒಂದೇ ಲ್ಯಾಂಬ್ಡಾ ಪರಿಸರ ಮುಂದಿನ ಇವೆಂಟ್‌ಗೂ ಮರುಬಳಕೆಯಾಗುತ್ತದೆ, ಹಿಂದಿನ ಓಟ ಬಿಟ್ಟುಹೋದ ಫೈಲ್‌ಗಳು ಅಲ್ಲೇ ಇರುತ್ತವೆ. ಇದೇ ಕಾರಣಕ್ಕೆ ಪ್ರತಿ ಕರೆಗೂ ಹೊಸ ಕಂಟೇನರ್ ಎಬ್ಬಿಸುವ ಪದ್ಧತಿಗಿಂತ, ಎಬ್ಬಿಸಿದ ಕಂಟೇನರ್ ಅನ್ನು ಬದುಕಿಸಿಟ್ಟು ಅದಕ್ಕೇ ಇಪ್ಪತ್ತು ಇವೆಂಟ್‌ಗಳನ್ನು ಸಾಲಾಗಿ ಕಳುಹಿಸುವುದು ನನಗೆ ಹೆಚ್ಚು ನಂಬಿಕೆಯ ಪರೀಕ್ಷೆ ಎನಿಸಿದೆ.

ನಾಲ್ಕು ಪೆಟ್ಟುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯದು, ಏಕೆಂದರೆ ಅಲ್ಲಿ ಯಾವ ದೋಷಸಂದೇಶವೂ ಇರಲಿಲ್ಲ. ಫಂಕ್ಷನ್ ಯಶಸ್ವಿ ಎಂದು ಲಾಗ್ ಹೇಳುತ್ತಿತ್ತು, ಟೇಬಲ್‌ನಲ್ಲಿ ವಿವರ ದಾಖಲಾಗುತ್ತಿತ್ತು, ಚಿತ್ರ ಮಾತ್ರ ಕೆಟ್ಟು ಬರುತ್ತಿತ್ತು. ‘ಪುಸ್ತಕ’ ಎಂದು ಮೂಡಬೇಕಾದ ಶೀರ್ಷಿಕೆ ‘ಪುಸ್‌ತಕ’ ಎಂದು ಮೂಡಿತ್ತು. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತಿತ್ತು, ಗುಣಿತದ ಚಿಹ್ನೆಗಳು ತಮ್ಮ ವ್ಯಂಜನಕ್ಕೆ ಬೆಸೆದುಕೊಳ್ಳದೆ ಬಿಡಿಬಿಡಿಯಾಗಿದ್ದವು. ಅದೇ ಫಾಂಟ್, ಅದೇ ಪಿಲ್ಲೋ ಆವೃತ್ತಿ ಲ್ಯಾಪ್‌ಟಾಪ್‌ನಲ್ಲಿ ಸರಿಯಾದ ಅಕ್ಷರಗಳನ್ನೇ ಕೊಡುತ್ತಿತ್ತು.

ಕನ್ನಡದಂಥ ಲಿಪಿಯನ್ನು ಚಿತ್ರಿಸಲು ಫಾಂಟ್ ಒಂದೇ ಸಾಲದು. ಯಾವ ಸಂಕೇತಗಳು ಸೇರಿ ಯಾವ ರೂಪ ತಾಳಬೇಕು ಎಂಬುದನ್ನು ಲೆಕ್ಕಹಾಕುವ ಶೇಪಿಂಗ್ ಕೆಲಸ ಬೇಕು. ಪಿಲ್ಲೋದಲ್ಲಿ ಅದನ್ನು ರಾಕ್ಮ್ ಎಂಬ ಲೈಬ್ರರಿ ಮಾಡುತ್ತದೆ, ಅದು ಹಾರ್ಫ್‌ಬಝ್ ಮತ್ತು ಫ್ರಿಬಿಡಿ ಎಂಬೆರಡರ ಮೇಲೆ ನಿಂತಿದೆ. ನಾನು ಬಳಸಿದ ವ್ಹೀಲ್‌ನಲ್ಲಿ ರಾಕ್ಮ್ ಸೇರಿಕೊಂಡೇ ಬರುತ್ತದೆ, ಆದರೆ ಫ್ರಿಬಿಡಿಯನ್ನು ಅದು ಓಡುವ ಹೊತ್ತಿನಲ್ಲಿ ಯಂತ್ರದಲ್ಲಿ ಹುಡುಕಿಕೊಳ್ಳುತ್ತದೆ. ಡೆಸ್ಕ್‌ಟಾಪ್ ಇರುವ ಲಿನಕ್ಸ್ ಯಂತ್ರದಲ್ಲಿ ಪರದೆಯ ಮೇಲಿನ ಪಠ್ಯಕ್ಕಾಗಿ ಫ್ರಿಬಿಡಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಲ್ಯಾಂಬ್ಡಾದ ತೆಳ್ಳಗಿನ ಇಮೇಜ್‌ನಲ್ಲಿ ಅದಿರಲಿಲ್ಲ. ಸಿಗದಿದ್ದಾಗ ಪಿಲ್ಲೋ ದೋಷ ಎಸೆಯದೆ, ಒಂದರ ಪಕ್ಕ ಒಂದು ಸಂಕೇತ ಜೋಡಿಸುವ ಸರಳ ವಿಧಾನಕ್ಕೆ ಇಳಿಯುತ್ತದೆ. ಪಿಲ್ಲೋದ ‘ಫೀಚರ್ಸ್’ ಮಾಡ್ಯೂಲ್‌ಗೆ ರಾಕ್ಮ್ ಇದೆಯೇ ಎಂದು ಕೇಳಿದಾಗ ಲ್ಯಾಪ್‌ಟಾಪ್‌ನಲ್ಲಿ ‘ಟ್ರೂ’, ಕಂಟೇನರ್ ಒಳಗೆ ‘ಫಾಲ್ಸ್’ ಎಂಬ ಉತ್ತರ ಬಂತು. ತಿಂಗಳುಗಟ್ಟಲೆ ನಾನು ಫಾಂಟ್ ಮೇಲೆ ಹೊರಿಸಿದ್ದ ಆರೋಪ ಆ ಒಂದು ಪದದಲ್ಲಿ ಕಳಚಿಬಿತ್ತು.

ಅಮೆಜಾನ್ ಲಿನಕ್ಸ್ 2023ರ ಪ್ಯಾಕೇಜ್ ವ್ಯವಸ್ಥೆಯಿಂದ ಫ್ರಿಬಿಡಿಯನ್ನು ಇಮೇಜ್‌ಗೆ ಸೇರಿಸುವ ಒಂದು ಸಾಲನ್ನು ಡಾಕರ್‌ಫೈಲ್‌ನಲ್ಲಿ ಬರೆದೆ. ಅದರ ಕೆಳಗೇ ಇನ್ನೊಂದು ಸಾಲು: ರಾಕ್ಮ್ ಇಲ್ಲವಾದರೆ ಇಮೇಜ್ ಕಟ್ಟುವ ಕೆಲಸವೇ ನಿಲ್ಲಬೇಕು. ಮುಂದೆ ಯಾರಾದರೂ ಗಾತ್ರ ಉಳಿಸಲೆಂದು ಆ ಪ್ಯಾಕೇಜ್ ತೆಗೆದರೆ ಕೆಟ್ಟ ಚಿತ್ರ ಬಕೆಟ್ ತಲುಪುವ ಮೊದಲೇ ಗೊತ್ತಾಗುತ್ತದೆ. ಜೊತೆಗೆ ‘ಪುಸ್ತಕ’ ಪದದ ಅಗಲವನ್ನು ಸರಳ ವಿಧಾನದಲ್ಲೂ ರಾಕ್ಮ್ ವಿಧಾನದಲ್ಲೂ ಅಳೆದು, ಎರಡೂ ಸಮವಾಗಿದ್ದರೆ ಸೋಲುವ ಪರೀಕ್ಷೆಯೊಂದಿದೆ. ಒತ್ತಕ್ಷರ ಕೆಳಗಿಳಿದರೆ ಪದ ಕಿರಿದಾಗಲೇಬೇಕು.

ಪ್ರೊಸೆಸರ್ ವಿಷಯ ಬೇಗ ಮುಗಿಯಿತು. ತಂಡದ ಇನ್ನೊಬ್ಬರ ಲ್ಯಾಪ್‌ಟಾಪ್ ಆರ್ಮ್ ಪ್ರೊಸೆಸರ್‌ನದು. ಅವರು ಕಟ್ಟಿದ ಇಮೇಜ್ ಎಕ್ಸ್86 ಎಂದು ಘೋಷಿಸಿದ ಫಂಕ್ಷನ್‌ನಲ್ಲಿ ಏಳುವುದೇ ಇಲ್ಲ. ಯಾವ ಯಂತ್ರದಲ್ಲಿ ಕಟ್ಟಿದರೂ ಒಂದೇ ಪ್ಲಾಟ್‌ಫಾರ್ಮ್ ಬರುವಂತೆ ಕಂಪೋಸ್ ಫೈಲ್‌ನಲ್ಲಿ ಸ್ಪಷ್ಟವಾಗಿ ಬರೆದೆ. ಅವರ ಯಂತ್ರದಲ್ಲಿ ಅನುಕರಣೆಯಿಂದಾಗಿ ಕಟ್ಟುವುದು ನಿಧಾನವಾಗುತ್ತದೆ, ಅದನ್ನು ಅವರು ಒಪ್ಪಿಕೊಂಡಿದ್ದಾರೆ.

ಎಡಿಟರ್ ಕಂಟೇನರ್ ಒಳಗಿಂದಲೇ ಕೆಲಸ ಮಾಡುವಂತೆ ಡೆವ್ ಕಂಟೇನರ್ ಸಂರಚನೆಯೊಂದನ್ನು ಸೇರಿಸಿದ್ದೇನೆ. ಡಾಕರ್‌ಫೈಲ್‌ನಲ್ಲಿ ಎರಡು ಹಂತಗಳಿವೆ: ಮೊದಲನೆಯದು ಕ್ಲೌಡ್‌ಗೆ ಹೋಗುವುದು, ಎರಡನೆಯದು ಅದರ ಮೇಲೆ ಡಿಬಗರ್ ಮತ್ತು ಪರೀಕ್ಷಾ ಲೈಬ್ರರಿಗಳನ್ನಷ್ಟೇ ಸೇರಿಸಿದ್ದು. ಲ್ಯಾಂಬ್ಡಾ ಫಂಕ್ಷನ್‌ಗಳನ್ನು ಲೋಕಲ್ ಆಗಿ ಓಡಿಸುವ ಅಮೆಜಾನ್‌ನ ಸಾಧನ ಎಸ್‌ಎಎಂ ಸಿಎಲ್‌ಐ ಅನ್ನು ಇದರೊಳಗಿಂದಲೇ ಓಡಿಸಲು ಹೊರಗಿನ ಡಾಕರ್‌ನ ಸಾಕೆಟ್ (ಅದನ್ನು ನಿಯಂತ್ರಿಸುವ ದ್ವಾರ) ಅನ್ನು ಒಳಗೆ ಕೊಡಬೇಕಾಗುತ್ತದೆ. ಆ ಸಾಕೆಟ್ ಕೊಟ್ಟರೆ ಕಂಟೇನರ್‌ಗೆ ಇಡೀ ಲ್ಯಾಪ್‌ಟಾಪ್‌ನ ರೂಟ್ ಅಧಿಕಾರ ಕೊಟ್ಟಂತೆ. ಎಮ್ಯುಲೇಟರ್‌ನಿಂದಲೇ ನನ್ನ ಕೆಲಸ ಸಾಗುತ್ತಿರುವಾಗ ಅದು ಬೇಡವೆನಿಸಿತು. ಡಿಬಗರ್ ಬಳಸುವವರು ಒಂದನ್ನು ಗಮನಿಸಬೇಕು. ಎಮ್ಯುಲೇಟರ್‌ನ ಸಮಯದ ಮಿತಿ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಬರುತ್ತದೆ, ಹೇಳದಿದ್ದರೆ 300 ಸೆಕೆಂಡ್. ಲ್ಯಾಂಬ್ಡಾದಲ್ಲಿ ಹೇಳದಿದ್ದರೆ ಅದು 3 ಸೆಕೆಂಡ್ ಮಾತ್ರ. ಪರೀಕ್ಷೆಗಳ ಸೇವೆಯಲ್ಲಿ ಕ್ಲೌಡ್‌ನಲ್ಲಿರುವ 20 ಸೆಕೆಂಡ್ ಮಿತಿಯನ್ನೇ ಇಟ್ಟಿದ್ದೇನೆ, ಡಿಬಗ್ ಸೇವೆಯಲ್ಲಿ ಮಾತ್ರ ಸಡಿಲಿಸಿದ್ದೇನೆ.

ಇಮೇಜ್ ಕಳುಹಿಸುವ ದಿನ ಇಸಿಆರ್ ಅದನ್ನು ಸ್ವೀಕರಿಸಿತು, ಲ್ಯಾಂಬ್ಡಾ ಮಾತ್ರ ಇಮೇಜ್‌ನ ಮ್ಯಾನಿಫೆಸ್ಟ್ (ಒಳಗಿರುವುದರ ಪಟ್ಟಿ) ಬಗೆ ಬೆಂಬಲಿತವಲ್ಲವೆಂದು ತಿರಸ್ಕರಿಸಿತು. ಡಾಕರ್‌ನ ಇಮೇಜ್ ಕಟ್ಟುವ ಸಾಧನ ಬಿಲ್ಡ್‌ಎಕ್ಸ್ 0.10ನೇ ಆವೃತ್ತಿಯಿಂದ ಇಮೇಜ್ ಹೇಗೆ ಕಟ್ಟಲ್ಪಟ್ಟಿತೆಂಬ ದೃಢೀಕರಣವನ್ನೂ ಸೇರಿಸುತ್ತದೆ, ಆಗ ಒಂದು ಇಮೇಜ್‌ನ ಜಾಗದಲ್ಲಿ ಸೂಚಿಯೊಂದು ಹೋಗಿ ಕೂರುತ್ತದೆ. ‘ಪ್ರಾವೆನೆನ್ಸ್’ ಆಯ್ಕೆಯನ್ನು ‘ಫಾಲ್ಸ್’ ಮಾಡಿ ಮತ್ತೆ ಕಟ್ಟಿದ ಮೇಲೆ ದಾರಿ ತೆರೆಯಿತು. ಅದೇ ಟ್ಯಾಗ್‌ಗೆ ಹೊಸ ಇಮೇಜ್ ತಳ್ಳಿದರೆ ಫಂಕ್ಷನ್ ತಾನಾಗಿ ಹೊಸದಕ್ಕೆ ಹೊರಳುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಲ್ಯಾಂಬ್ಡಾ ನಿಯೋಜನೆಯ ಹೊತ್ತಿನಲ್ಲಿ ಟ್ಯಾಗ್ ಅನ್ನು ಡೈಜೆಸ್ಟ್ (ಆ ಇಮೇಜ್‌ಗಷ್ಟೇ ಸೇರಿದ ಗುರುತು) ಆಗಿ ಬಿಡಿಸಿ ಅದನ್ನೇ ಹಿಡಿದುಕೊಳ್ಳುವುದರಿಂದ ಕೋಡ್ ನವೀಕರಿಸುವ ಕಮಾಂಡ್ ಅನ್ನು ಪ್ರತ್ಯೇಕವಾಗಿ ಕೊಡಬೇಕು. ನನ್ನ ಸ್ಕ್ರಿಪ್ಟ್ ಈಗ ಟ್ಯಾಗ್ ಬಿಟ್ಟು ಡೈಜೆಸ್ಟ್ ಅನ್ನೇ ಬರೆಯುತ್ತದೆ.

ಐಎಎಂ ಅನುಮತಿಗಳನ್ನೂ ಮೊದಲ ಚಾಲನೆಗೆ ಹಿಡಿಯುವ ಸಮಯವನ್ನೂ ಈ ವ್ಯವಸ್ಥೆ ಪರೀಕ್ಷಿಸಲಾರದು. ವೇಗವನ್ನೂ ಇಲ್ಲಿ ಅಳೆಯಬಾರದು: ಲ್ಯಾಂಬ್ಡಾದಲ್ಲಿ ಪ್ರೊಸೆಸರ್ ಪಾಲು ಮೆಮೊರಿಯ ಅನುಪಾತದಲ್ಲಿ ಸಿಗುತ್ತದೆ, 1,769 ಎಂಬಿ ಕೊಟ್ಟಾಗ ಒಂದು ಪೂರ್ಣ ವಿಸಿಪಿಯು (ವರ್ಚುವಲ್ ಪ್ರೊಸೆಸರ್). ನನ್ನ 512 ಎಂಬಿ ಕಂಟೇನರ್‌ಗೆ ಮೆಮೊರಿ ಮಾತ್ರ ಕಡಿಮೆ, ಪ್ರೊಸೆಸರ್ ಲ್ಯಾಪ್‌ಟಾಪ್‌ನ ಪೂರ್ತಿ ಬಲದ್ದು. ಇವುಗಳಿಗಾಗಿ ಕ್ಲೌಡ್‌ನಲ್ಲೇ ಪ್ರತ್ಯೇಕ ಪರೀಕ್ಷಾ ಖಾತೆಯೊಂದನ್ನು ಇಟ್ಟುಕೊಂಡಿದ್ದೇನೆ.

ಅಲ್ಲಿಗೆ ಮೊದಲ ಇಮೇಜ್ ಹೋದ ಮೇಲೆ ಕನ್ನಡ ಹೆಸರಿನ, ನಡುವೆ ಎರಡು ಖಾಲಿ ಜಾಗಗಳಿದ್ದ ಅದೇ ಚಿತ್ರವನ್ನು ಬಕೆಟ್‌ಗೆ ಹಾಕಿದೆ. ಚಿಕ್ಕ ಪ್ರತಿ ಬಂತು. ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ, ‘ಸ’ಕಾರದ ಕೆಳಗೆ ‘ತ’ ಒತ್ತು ಕುಳಿತಿರುವುದನ್ನು ನೋಡಿಕೊಂಡು, ಹಳೆಯ ಜಿಪ್ ಸ್ಕ್ರಿಪ್ಟ್ ಅನ್ನು ಪ್ರಾಜೆಕ್ಟ್‌ನಿಂದ ಅಳಿಸಿಹಾಕಿದೆ.